ಒಂದೂವರೆ ಕಣ್ಣಿನ ಪ್ರಾರ್ಥನೆ

ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಎರಡು ಕಣ್ಣು ಮುಚ್ಚುತ್ತಾರೆ. ನಾನು ಒಂದೂವರೆ ಮುಚ್ಚುತ್ತೇನೆ. ಇದನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ. ದೇವರಿಗೆ ಹೇಗೂ ಗೊತ್ತಿದೆ. ನನ್ನ ಹೆಂಡತಿ ಸುಗುಣಳಿಗೆ ಗೊತ್ತಾಗುವುದು ಬೇಡವೆಂದು ಸುಮ್ಮನಿದ್ದೆ. ಉಳಿದ ಆ ಅರ್ಧ ಕಣ್ಣಿಗೆ ಒಂದೇ ಕೆಲಸ, ಎಡ್ವಿನನನ್ನು ನೋಡುವುದು. ನಮ್ಮ ಕನ್ನಡ ಚರ್ಚಿನಲ್ಲಿ ಸಭೆಯ ಹಿರಿಯರಿಗೆಂದು ಒಂದು ಬೆಂಚನ್ನು ಪಕ್ಕಕ್ಕೆ ತಿರುಗಿಸಿ ಹಾಕಿದ್ದಾರೆ. ಅಲ್ಲಿ ಕುಳಿತವರು ನಮಗೆ ಕಾಣುತ್ತಾರೆ, ಅವರಿಗೆ ನಾವೂ ಕಾಣುತ್ತೇವೆ. ಎಡ್ವಿನ್ ಅಲ್ಲಿ ಎರಡೂ ಕಣ್ಣು ಗಟ್ಟಿಯಾಗಿ ಮುಚ್ಚಿ ಕುಳಿತಿರುವಾಗ ನಾನು ಅವನ ಕೈಗಡಿಯಾರ ಹೊಸತೇ ಹಳೆಯದೇ, ಬೂಟು ಎಲ್ಲಿಯದು, ಅಂಗಿಯ ಬಟ್ಟೆ ಎಂಥದು ಎಂದು ನೋಡಿ ಮುಗಿಸುತ್ತೇನೆ. ಇಷ್ಟಾಗುವಾಗ ಆಮೆನ್ ಬರುತ್ತದೆ. ಆಮೆನ್ ಮಾತ್ರ ನಾನು ಎಲ್ಲರಿಗಿಂತ ಜೋರಾಗಿ ಹೇಳುತ್ತೇನೆ.

ಹೊಟ್ಟೆಕಿಚ್ಚು ಎಂದು ನೀವು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ, ಹೌದು. ಆದರೆ ಇದರಲ್ಲಿ ನನ್ನ ಕೈವಾಡವೂ ಇದೆ ಎನ್ನುವುದೇ ನನಗೆ ಹೆಚ್ಚು ಉರಿ ತರುವ ಸಂಗತಿ. ನಾನೂ ಎಡ್ವಿನನೂ ಮೂಲ್ಕಿ ಕಡೆಯ ಒಂದೇ ಓಣಿಯವರು. ಒಂದೇ ವರ್ಷ ಮುಂಬಯಿಗೆ ಬಂದು ಆಂಟಾಪ್ ಹಿಲ್‌ನ ಒಂದೇ ಖೋಲಿಯಲ್ಲಿ ಚಾಪೆ ಹಾಸಿದವರು. ನನಗೆ ವಿಕ್ರೋಳಿಯ ಒಂದು ದೊಡ್ಡ ಕಂಪೆನಿಯಲ್ಲಿ ನಕ್ಷೆ ಬರೆಯುವ ಪರ್ಮನೆಂಟ್ ಕೆಲಸ ಸಿಕ್ಕಿತು. ಎಡ್ವಿನನಿಗೆ ವೆಲ್ಡಿಂಗ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಅದೂ ದಿನಗೂಲಿ. ಆಗ ನಾನು ಪ್ರತಿದಿನ ಮಲಗುವ ಮುಂಚೆ, ದೇವರೇ, ಎಡ್ವಿನನಿಗೆ ಒಂದು ದಾರಿ ತೋರಿಸು ಎಂದು ಬೇಡಿಕೊಳ್ಳುತ್ತಿದ್ದೆ. ಆಗ ಎರಡೂ ಕಣ್ಣು ಮುಚ್ಚುತ್ತಿದ್ದೆ, ನೋಡುವಂಥದ್ದು ಅವನಲ್ಲಿ ಏನೂ ಇರಲಿಲ್ಲ. ದೇವರು ನನ್ನ ಎಷ್ಟೋ ಪ್ರಾರ್ಥನೆಗಳನ್ನು ಕೇಳಿಸಿಕೊಂಡಿಲ್ಲ, ಇದೊಂದನ್ನು ಮಾತ್ರ ಕಿವಿಗೊಟ್ಟು ಕೇಳಿದ. ಎಡ್ವಿನ್ ಉಡುಪಿ ಹೋಟೆಲುಗಳಿಗೆ ದೋಸೆಕಲ್ಲು, ಇಡ್ಲಿ ಬೇಯಿಸುವ ಸ್ಟೀಲಿನ ಪೆಟ್ಟಿಗೆ, ಅಡಿಗೆಮನೆಯ ಮೇಜು ಮಾಡಿಕೊಡಲು ಬೈಕುಲ್ಲಾದ ಒಂದು ಗಲ್ಲಿಯಲ್ಲಿ ಶೆಡ್ ಹಾಕಿದ. ಈಗ ಮೂರು ಶೆಡ್‌ಗಳಿವೆ. ಹಳೆಯ ಮಿಲ್ಲಿನ ಜಾಗದಲ್ಲಿ ಎದ್ದ ಟವರಿನ ಮೂವತ್ತೆಂಟನೆಯ ಮಹಡಿಯಲ್ಲಿ ಮನೆಯಿದೆ. ದಾರಿ ತೋರಿಸು ಎಂದು ಬೇಡುವಾಗ ಎಷ್ಟು ದೂರದವರೆಗೆ ಎಂದು ನಾನು ಸ್ಪಷ್ಟವಾಗಿ ಹೇಳಬೇಕಾಗಿತ್ತು.

ನಮ್ಮ ಧರ್ಮದಲ್ಲಿ ಇಂಥ ಕಷ್ಟಕ್ಕೆ ಒಂದು ಸಮಾಧಾನವಿದೆ. ಒಂಟೆ ಸೂಜಿಯ ಕಣ್ಣಿನಲ್ಲಿ ನುಗ್ಗುವುದಾದರೂ ಸುಲಭ, ಐಶ್ವರ್ಯವಂತ ಸ್ವರ್ಗಕ್ಕೆ ಹೋಗುವುದು ಅದಕ್ಕಿಂತ ಕಷ್ಟ ಎಂಬ ಮಾತನ್ನು ನೀವೂ ಕೇಳಿರಬಹುದು. ಬಡ ಕ್ರೈಸ್ತನಿಗೆ ಸಾಕುಪ್ರಾಣಿ ಎಂದು ಒಂದಿದ್ದರೆ ಅದು ಆ ಒಂಟೆ. ನಾನು ಅದನ್ನು ಮೂವತ್ತು ವರ್ಷ ಸಾಕಿದ್ದೇನೆ. ಎಡ್ವಿನ್ ಮೊದಲ ಕಾರು ಕೊಂಡಾಗ ಅದರ ಮೈ ತಡವಿದೆ, ಎರಡನೆಯ ಕಾರಿಗೆ ಇನ್ನೊಮ್ಮೆ ತಡವಿದೆ. ಆ ಸೂಜಿಯ ಕಣ್ಣೆಂದರೆ ನಿಜವಾದ ಸೂಜಿಯದಲ್ಲ, ಹಳೆಯ ಪಟ್ಟಣದ ಕೋಟೆಯಲ್ಲಿದ್ದ ಒಂದು ಸಣ್ಣ ದಿಡ್ಡಿ ಬಾಗಿಲು, ಹೊರೆ ಇಳಿಸಿ ಮೊಣಕಾಲೂರಿದರೆ ಒಂಟೆ ದಾಟಬಹುದು ಎಂದು ವ್ಯಾಖ್ಯಾನ ಮಾಡುವವರಿದ್ದಾರೆ. ಒಮ್ಮೆ ಚರ್ಚಿನಲ್ಲಿ ಬೋಧಿಸುವಾಗ ನಮ್ಮ ಸಭಾಪಾಲಕರೂ ಹಾಗೆ ಹೇಳಿದರು. ನಾನು ಆ ವ್ಯಾಖ್ಯಾನವನ್ನು ಒಪ್ಪುವುದಿಲ್ಲ. ಜೀವಮಾನವಿಡೀ ಮಿಲಿಮೀಟರಿನ ಲೆಕ್ಕದಲ್ಲಿ ತೂತುಗಳ ನಕ್ಷೆ ಬರೆದವನು ನಾನು. ಸುಗುಣಳ ಸೂಜಿಡಬ್ಬಿಯ ಅತಿ ದೊಡ್ಡ ಸೂಜಿಯನ್ನು ತೆಗೆದು ನೋಡಿದ್ದೇನೆ. ಹೋಗುವುದಿಲ್ಲ, ಒಂಟೆ ಹೋಗುವುದಿಲ್ಲ.

ಇಷ್ಟಾದರೂ ನಮ್ಮವರು ದುಡ್ಡನ್ನು ದ್ವೇಷಿಸಿದವರೆಂದು ತಿಳಿಯಬೇಡಿ. ಕಡಲಾಚೆಯಿಂದ ಬಂದ ಪಾದ್ರಿಗಳು ನಮ್ಮ ಹಿರಿಯರಿಗೆ ಧರ್ಮದ ಜೊತೆಗೆ ಹಂಚಿನ ಕಾರ್ಖಾನೆಯನ್ನೂ ಮಗ್ಗವನ್ನೂ ಕೊಟ್ಟರು. ಕೈ ಕೆಸರಾದರೆ ಬಾಯಿ ಮೊಸರು ಎಂಬುದು ಅವರು ಬರುವ ಮೊದಲೇ ನಮಗೆ ಗೊತ್ತಿದ್ದ ಗಾದೆ. ಆ ಮೊಸರನ್ನು ನಾಲ್ಕು ಜನರೆದುರು ಉಣ್ಣಬಾರದು ಎಂದು ಸೇರಿಸಿದ್ದು ಅವರು. ದುಡಿಯುವುದು ಭಕ್ತಿ, ಉಳಿಸುವುದು ಬುದ್ಧಿ, ತೋರಿಸುವುದು ಪಾಪ. ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದು ಎರಡು ತೋಟ ಮಾಡಿದ್ದರೂ ಚರ್ಚಿಗೆ ಹೋಗುವಾಗ ತೇಪೆ ಹಾಕಿದ ಕೋಟು ತೊಡುತ್ತಿದ್ದರಂತೆ. ಮನೆಯಲ್ಲಿ ತೇಪೆ ಇಲ್ಲದ ಕೋಟು ಇನ್ನೊಂದು ಇತ್ತು. ನಮ್ಮ ಬಿಲ್ಡಿಂಗಿನ ಕೆಳಗೆ ಹೋಟೆಲು ನಡೆಸುವ ಶೀನಣ್ಣನಿಗೆ ಈ ಸಂಕಟಗಳೇ ಇಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಲಕ್ಷ್ಮಿಯ ಪಟ, ಬೆಳಿಗ್ಗೆ ಅಗರಬತ್ತಿ ಹಚ್ಚಿ, ತಾಯೇ ಕೊಡು ಎಂದು ಮುಖಾಮುಖಿ ಕೇಳುತ್ತಾರೆ. ನಾವು ದಿನದ ರೊಟ್ಟಿಯನ್ನಷ್ಟೇ ಕೇಳಿ, ಅದರ ಮೇಲೆ ಬೆಣ್ಣೆಯಿದ್ದರೆ ಬೇಡವೆನ್ನುವುದಿಲ್ಲ ಎಂಬ ಮುಖ ಮಾಡಿ ನಿಂತಿರಬೇಕು.

ಈಚೆಗೆ ಬೇರೆ ರೀತಿಯ ಬೋಧಕರೂ ಬಂದಿದ್ದಾರೆ. ನೌಕರಿಯಲ್ಲಿದ್ದಾಗ ಒಬ್ಬ ಸಹೋದ್ಯೋಗಿ ನನ್ನನ್ನು ವಿಕ್ರೋಳಿಯ ಒಂದು ಬಾಡಿಗೆ ಹಾಲಿಗೆ ಕರೆದುಕೊಂಡು ಹೋಗಿದ್ದ. ದೇವರ ಮಕ್ಕಳು ಲೋಕಲ್ ರೈಲಿನ ಬಾಗಿಲಲ್ಲಿ ನೇತಾಡುವ ಅಗತ್ಯವಿಲ್ಲ, ನಂಬಿದವನಿಗೆ ದೇವರು ಕಾರನ್ನೇ ಕೊಡುತ್ತಾನೆ ಎಂದು ಅಲ್ಲಿನ ಬೋಧಕರು ಹಿಂದಿಯಲ್ಲಿ ಹೇಳಿದರು. ಬೇಕಾದದ್ದನ್ನು ಚೀಟಿಯಲ್ಲಿ ಬರೆದು ಕೊಡಿ, ಬಣ್ಣ ಕೂಡ ಬರೆಯಿರಿ ಎಂದರು. ನಾನು ಎಡ್ವಿನನ ಕಾರನ್ನು ಬರೆದೆ. ಅಂಥದ್ದೇ ಇನ್ನೊಂದನ್ನಲ್ಲ, ಅವನದನ್ನೇ ಬರೆದುಕೊಟ್ಟೆ ಎಂಬುದು ಮನೆಗೆ ಬರುವಾಗ, ಲೋಕಲ್ಲಿನ ಬಾಗಿಲಲ್ಲಿ ನೇತಾಡುತ್ತಿದ್ದಾಗ, ಗಮನಕ್ಕೆ ಬಂತು. ಮತ್ತೆ ಆ ಕಡೆ ಹೋಗಲಿಲ್ಲ.

ನಮ್ಮ ಚರ್ಚಿನಲ್ಲಿ ವರ್ಷಕ್ಕೊಮ್ಮೆ ಬೆಳೆಹಬ್ಬ ಬರುತ್ತದೆ. ಊರಿನಲ್ಲಿ ಇದು ಸಹಜವಾದ ಹಬ್ಬ. ಬೆಳೆದ ಮೊದಲ ಫಲವನ್ನು, ಗೊನೆಯೋ ತೆಂಗಿನಕಾಯಿಯೋ ಹುಂಜವೋ, ದೇವರಿಗೆ ತಂದು ಒಪ್ಪಿಸುತ್ತಾರೆ; ಆರಾಧನೆ ಮುಗಿದ ಮೇಲೆ ಅದನ್ನೆಲ್ಲ ಚರ್ಚಿನ ಅಂಗಳದಲ್ಲಿ ಏಲಂ ಮಾಡುತ್ತಾರೆ. ಬಂದ ಹಣ ಚರ್ಚಿಗೆ. ಮುಂಬಯಿಯಲ್ಲಿ ನಾವು ಬೆಳೆಯುವುದಾದರೂ ಏನನ್ನು? ಹಬ್ಬದ ಹಿಂದಿನ ದಿನ ಎಲ್ಲರೂ ಬೈಕುಲ್ಲಾದ ಮಾರ್ಕೆಟ್ಟಿಗೆ ಹೋಗಿ ಕುಂಬಳಕಾಯಿ, ಅನಾನಸು ಕೊಂಡು ತಂದು, ಮರುದಿನ ನಾವೇ ಬಿತ್ತಿ ಬೆಳೆದವರ ಹಾಗೆ ವಿನಯದಿಂದ ಒಪ್ಪಿಸುತ್ತೇವೆ. ಎಡ್ವಿನ್ ಮಾತ್ರ ಊರಿನಿಂದ ಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿಮುಡಿಯನ್ನೇ ತರಿಸುತ್ತಾನೆ. ಏಲಂನಲ್ಲೂ ಅವನದೇ ಕಾರುಬಾರು. ಇನ್ನೂರು ಬಾಳದ ವಸ್ತುವಿಗೆ ಎರಡು ಸಾವಿರ ಕೂಗಿ ಕೊಂಡು, ಅಲ್ಲಿಗೂ ಬಿಡದೆ, ಇದನ್ನು ಇನ್ನೊಮ್ಮೆ ಏಲಂ ಮಾಡಿ ಎಂದು ಹಿಂದಕ್ಕೆ ಕೊಟ್ಟುಬಿಡುತ್ತಾನೆ. ಹಾಗೆ ಕೊಡುವ ಪದ್ಧತಿ ಊರಿನಲ್ಲೂ ಉಂಟು. ಆದರೂ ಕೊಳ್ಳುವ ಹೆಮ್ಮೆಯೂ ಅವನಿಗೆ, ಬಿಡುವ ಹೆಮ್ಮೆಯೂ ಅವನಿಗೇ ಎಂದರೆ ಉಳಿದವರು ಏನು ಮಾಡಬೇಕು? ಪೆನ್ಷನ್ನಿನಲ್ಲಿ ಐವತ್ತು ರೂಪಾಯಿ ಕಾಣಿಕೆ ಹಾಕಿ ನಾನು ನಮ್ಮ ಧರ್ಮಗ್ರಂಥದಲ್ಲಿ ಎರಡೇ ಕಾಸು ಹಾಕಿ ಎಲ್ಲರಿಗಿಂತ ಹೆಚ್ಚು ಕೊಟ್ಟವಳೆನಿಸಿಕೊಂಡ ಬಡ ವಿಧವೆಯನ್ನು ನೆನೆದು ಸಮಾಧಾನಪಡುತ್ತಿದ್ದೆ. ಆಕೆ ತನ್ನಲ್ಲಿದ್ದುದನ್ನೆಲ್ಲ ಹಾಕಿದ್ದಳು ಎಂಬ ಭಾಗವನ್ನು ಬೇಗ ದಾಟಿಬಿಡುತ್ತಿದ್ದೆ.

ಆದರೆ ಒಂದು ವಿಷಯದಲ್ಲಿ ನಾನು ಎಡ್ವಿನನಿಗಿಂತ ಮೇಲೆ. ನಮ್ಮ ಮನೆಯ ಕಿಟಕಿಗೆ ಗ್ರಿಲ್ ಇದೆ. ಆ ಗ್ರಿಲ್ಲಿನಲ್ಲಿ ಪೇಂಟಿನ ಡಬ್ಬಗಳಿವೆ, ಡಬ್ಬಗಳಲ್ಲಿ ಮಣ್ಣಿದೆ. ಇಡೀ ಸಭೆಯಲ್ಲಿ ನಿಜವಾದ ಬೆಳೆ ಬೆಳೆದು ತರುವವರು ನಾವೇ. ಎಷ್ಟೋ ವರ್ಷಗಳಿಂದ ಬೆಳೆಹಬ್ಬಕ್ಕೆ ನಮ್ಮದೊಂದು ಕಟ್ಟು ಬಸಳೆ. ಅದನ್ನೂ ಪ್ರತಿವರ್ಷ ಐನೂರು ಕೂಗಿ ಎಡ್ವಿನನೇ ಕೊಳ್ಳುತ್ತಿದ್ದ. ನನ್ನ ಬಸಳೆಯ ಮೇಲೂ ಇವನ ದರ್ಬಾರೇ ಎಂದು ನನಗೆ ಅನ್ನ ಇಳಿಯುತ್ತಿರಲಿಲ್ಲ.

ಕಳೆದ ವರ್ಷ ಬಸಳೆಗಿಂತ ದೊಡ್ಡದೊಂದು ನಡೆಯಿತು. ಅದಕ್ಕೂ ಏಳು ವರ್ಷ ಹಿಂದೆ ಮೀನಿಗೆ ಹಿಂಡಿದ ಲಿಂಬೆಯ ಬೀಜವನ್ನು ಸುಗುಣ ಒಂದು ಡಬ್ಬದಲ್ಲಿ ಊರಿದ್ದಳು. ಗಿಡ ಬಂತು, ಮುಳ್ಳು ಬಂತು, ಹೂವಿನ ಸುಳಿವಿಲ್ಲ. ಅದು ಬಂಜೆ ಗಿಡ ಎಂದು ನಾನು ಎರಡು ಸಲ ಕಿತ್ತುಹಾಕಲು ಹೊರಟಿದ್ದೆ, ಸುಗುಣ ಬಿಡಲಿಲ್ಲ. ಏಳನೆಯ ವರ್ಷ ಅದು ಹೂ ಬಿಟ್ಟು, ಹೂವೆಲ್ಲ ಉದುರಿ, ಒಂದೇ ಒಂದು ಕಾಯಿ ನಿಂತಿತು. ನಾನು ಅದನ್ನು ದಿನಕ್ಕೆ ನಾಲ್ಕು ಸಲ ನೋಡಿದೆ. ಕಾಗೆ ಕುಕ್ಕೀತೆಂದು ಹಳೆಯ ಕಾಲುಚೀಲ ತೊಡಿಸಿದೆ. ಅದು ಹಣ್ಣಾಗುವುದಕ್ಕೂ ಬೆಳೆಹಬ್ಬ ಬರುವುದಕ್ಕೂ ಸರಿಹೋಯಿತು. ಮೊದಲ ಫಲ ದೇವರದ್ದು ಎಂದು ಸುಗುಣ ಶಾಂತವಾಗಿ ಹೇಳಿದಳು. ಮೊದಲನೆಯದೂ ಅದೇ, ಕೊನೆಯದೂ ಅದೇ ಎಂದು ನಾನು ಹೇಳಿ ನೋಡಿದೆ. ಅವಳು ಆಗಲೇ ಅದನ್ನು ಒರೆಸಿ ತಟ್ಟೆಯಲ್ಲಿಟ್ಟಿದ್ದಳು.

ಆಗ ನನಗೊಂದು ಉಪಾಯ ಹೊಳೆಯಿತು. ಲಿಂಬೆಯನ್ನು ದೇವರಿಗೆ ಕೊಡುವುದು, ಏಲಂನಲ್ಲಿ ನಾನೇ ಕೂಗಿ ಹಿಂದಕ್ಕೆ ಕೊಳ್ಳುವುದು. ದೇವರಿಗೆ ದೇವರದ್ದು ಸಂದಿತು, ಲಿಂಬೆ ನನ್ನದಾಗಿ ಉಳಿಯಿತು. ಅದರ ಒಳಗೆ ಇನ್ನೊಂದು ಆಸೆಯೂ ಇತ್ತು, ನಿಮ್ಮಲ್ಲಿ ಮುಚ್ಚಿಡುವುದೇಕೆ? ಇಷ್ಟು ವರ್ಷದಲ್ಲಿ ಒಮ್ಮೆಯಾದರೂ, ಎಲ್ಲರ ಎದುರು, ಎಡ್ವಿನ್ ಕೂಗಿದ ವಸ್ತುವನ್ನು ನಾನು ಗೆದ್ದು ಕೈಯಲ್ಲಿ ಹಿಡಿಯಬೇಕಿತ್ತು. ಅದು ಆಗದೆ ಸತ್ತರೆ ನನ್ನ ಆತ್ಮಕ್ಕೆ ಶಾಂತಿಯಿಲ್ಲ ಎಂದೇ ಅನ್ನಿಸುತ್ತಿತ್ತು. ಸಾವಿರ ರೂಪಾಯಿಗೆ ಮುಗಿಯಬಹುದೆಂದು ಅಂದಾಜು ಮಾಡಿದ್ದೆ. ಮಿಕ್ಸಿ ಕೆಟ್ಟಿದೆ, ಹೊಸತು ತೆಗೆಯೋಣ ಎಂದು ಸುಗುಣ ಕೂಡಿಸಿದ್ದ ಆರು ಸಾವಿರ ನನ್ನ ಬ್ಯಾಂಕಿನ ಖಾತೆಯಲ್ಲಿತ್ತು ಎಂಬುದನ್ನು ಇಲ್ಲಿ ಸುಮ್ಮನೆ ಹೇಳಿರುತ್ತೇನೆ.

ಏಲಂ ಕೂಗುವವರು ಶಾಂತಪ್ಪ ಮಾಸ್ತರು. ಬೀದರ್ ಕಡೆಯವರು, ಮುನ್ಸಿಪಾಲಿಟಿಯ ಕನ್ನಡ ಶಾಲೆಯಲ್ಲಿದ್ದು ನಿವೃತ್ತರಾದವರು. ಅಂಗಳದ ಈ ತುದಿಯಿಂದ ಆ ತುದಿಗೆ ಮೈಕಿಲ್ಲದೆ ಕೇಳಿಸುವ ಕಂಠ. ಅವರು ನನ್ನ ಲಿಂಬೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಐವತ್ತು ರೂಪಾಯಿಯಿಂದ ಶುರು ಮಾಡಿದರು. ಯಾರೂ ಕೂಗಲಿಲ್ಲ. ಮಾರ್ಕೆಟ್ಟಿನಲ್ಲಿ ಇಪ್ಪತ್ತು ರೂಪಾಯಿಗೆ ನಾಲ್ಕು ಸಿಗುವ ವಸ್ತು ಅದು. ಸ್ವಲ್ಪ ಹೊತ್ತು ಬಿಟ್ಟು ಮರ್ಯಾದೆಯಿಂದ ನೂರು ಕೂಗೋಣವೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಎಡ್ವಿನ್, ಐನೂರು, ಎಂದ.

ನಾನು ಬಿಡಲಿಲ್ಲ. ಆರುನೂರು ಎಂದೆ. ಜನ ತಿರುಗಿ ನೋಡಿದರು. ಎಡ್ವಿನ್ ನನ್ನನ್ನು ಒಂದು ಕ್ಷಣ ನೋಡಿ, ಏನನ್ನೋ ಅರ್ಥಮಾಡಿಕೊಂಡವನ ಹಾಗೆ ತಲೆಯಾಡಿಸಿ, ಸಾವಿರ ಎಂದ. ನಾನು ಸಾವಿರದ ಇನ್ನೂರು ಎಂದೆ. ಅವನು ಎರಡು ಸಾವಿರ ಎಂದ. ಮೊದಲಾದರೆ ಕಿಸೆಯೇ ಮನುಷ್ಯನಿಗೆ ಬುದ್ಧಿ ಹೇಳುತ್ತಿತ್ತು. ಈಗ ಏಲಂನ ಮೇಜಿನ ಮೇಲೂ ಫೋನಿನಲ್ಲಿ ಪಾವತಿಸುವ ಚೌಕದ ಚಿತ್ರ ಅಂಟಿಸಿದ್ದಾರೆ, ಬುದ್ಧಿ ಹೇಳುವವರು ಯಾರೂ ಉಳಿದಿಲ್ಲ. ಮೂರು ಸಾವಿರ ಎಂದೆ. ಸುಗುಣ ನನ್ನ ಅಂಗಿಯ ಹಿಂಭಾಗ ಹಿಡಿದು ಜಗ್ಗಿದಳು. ಎಡ್ವಿನ್ ಐದು ಸಾವಿರ ಎಂದ. ನಾನು ಐದೂವರೆ ಎಂದೆ.

ಎಡ್ವಿನ್ ಬಾಯಿ ತೆರೆದ, ಮತ್ತೆ ಮುಚ್ಚಿಕೊಂಡ. ಶಾಂತಪ್ಪ ಮಾಸ್ತರು ಒಂದು ಸಲ, ಎರಡು ಸಲ, ಮೂರು ಸಲ ಎಂದು ಲಿಂಬೆಯನ್ನು ನನ್ನ ಕೈಗಿಟ್ಟರು. ಅಂಗಳದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಬಳಿಕ ಮಾಸ್ತರು ಪದ್ಧತಿಯಂತೆ ಕೇಳಿದರು:

"ಮತ್ತೊಮ್ಮೆ ಏಲಂಕ್ಕ ಬಿಡ್ತೀರೇನ್ರಿ ಜಯಕರಣ್ಣ?"

"ಇಲ್ಲ" ಎಂದು ನಾನು ಲಿಂಬೆಯನ್ನು ಎರಡೂ ಕೈಯಲ್ಲಿ ಮುಚ್ಚಿ ಹಿಡಿದೆ. ಚಪ್ಪಾಳೆ ಹೊಡೆಯುತ್ತಿದ್ದವರು ನಗತೊಡಗಿದರು.

ಫೋನಿನಲ್ಲಿ ಹಣ ಕಟ್ಟುವಾಗ ಮಾಡಿದ್ದುಣ್ಣೋ ಮಹರಾಯ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಗೆದ್ದಿದ್ದೆ. ಸುಗುಣ ಮಾತು ಬಿಟ್ಟಿದ್ದಳು, ಹೊಸ ಮಿಕ್ಸಿ ಹೋಗಿತ್ತು, ಏಳು ವರ್ಷ ನಾನೇ ನೀರು ಹಾಕಿದ ಗಿಡದ ಹಣ್ಣಿಗೆ ಐದೂವರೆ ಸಾವಿರ ಕೊಟ್ಟಿದ್ದೆ. ಹೀಗಿದ್ದೂ ಊಟದ ಸಾಲಿನಲ್ಲಿ ನಾನು ಎದೆ ಸೆಟೆಸಿಕೊಂಡೇ ನಿಂತಿದ್ದೆ. ಆಗ ಎಡ್ವಿನ್ ಕೋಳಿಸಾರಿನ ತಟ್ಟೆ ಹಿಡಿದು ನಮ್ಮ ಮೇಜಿಗೇ ಬಂದು ಕುಳಿತ.

"ಆ ಲಿಂಬೆಹುಳಿ ಒಂದು ತುಂಡು ಕೊಡು ಮಾರಾಯ. ಈ ನೀರುಳ್ಳಿಗೆ ಹಿಂಡ್ಲಿಕ್ಕೆ ಏನೂ ಇಲ್ಲ" ಎಂದ.

ಸೋತವನಿಗೆ ಇಷ್ಟು ನಾಚಿಕೆ ಇಲ್ಲದಿರುವುದು ಹೇಗೆ ಎಂದು ನನಗೆ ತಿಳಿಯಲಿಲ್ಲ. ಅಷ್ಟೆಲ್ಲ ಏರಿಸಿದ್ದು ಯಾಕೆ ಎಂದು ಕೇಳಿಯೇಬಿಟ್ಟೆ. ಅವನು ನನ್ನನ್ನೇ ಆಶ್ಚರ್ಯದಿಂದ ನೋಡಿದ.

"ಶಾಂತಪ್ಪ ಮಾಸ್ಟ್ರು ನನ್ನನ್ನು ನೋಡಿದ್ರು, ನಾನು ಕೂಗಿದೆ. ಯಾರೂ ಕೇಳದ ಸಾಮಾನು ಬಂದ್ರೆ ಅವರು ನನ್ನನ್ನು ನೋಡೋದು, ನಾನು ಕೂಗೋದು. ಪಾಪ, ತಂದವ್ರಿಗೆ ಬೇಜಾರಾಗ್ಬಾರ್ದು ಅಂತ. ಅದು ನಮ್ಮಿಬ್ಬರ ಒಳಗೆ ಮೊದಲಿಂದ ಉಂಟು. ನೀನು ಆರುನೂರು ಹೇಳಿದಾಗ ನನಗನಿಸ್ತು, ಓ, ಇವನಿಗೆ ಐನೂರು ಕಮ್ಮಿ ಆಯ್ತು, ಬೇಜಾರಾಗಿದೆ ಅಂತ. ಹಾಗೆ ನಾನೂ ಏರಿಸಿದೆ. ನೀನು ಮತ್ತೂ ಏರಿಸಿದೆ."

"ಮತ್ತೆ ನಿಲ್ಲಿಸಿದ್ದು?"

"ಸುಗುಣಕ್ಕ ನನ್ನನ್ನೇ ನೋಡ್ತಾ ಇದ್ರಲ್ಲ, ಕಣ್ಣಲ್ಲಿ ನೀರು ತುಂಬಿಕೊಂಡು. ಮತ್ತೆ ಹೇಗೆ ಕೂಗೋದು?"

ಯಾರೂ ಕೇಳದ ಸಾಮಾನು. ಇಷ್ಟು ವರ್ಷ ನನ್ನ ಬಸಳೆಯ ಕಟ್ಟನ್ನು ಅವನು ಕೊಂಡದ್ದು ದರ್ಬಾರು ತೋರಿಸಲಿಕ್ಕಲ್ಲ. ಬೇರೆ ಯಾರೂ ಕೊಳ್ಳುತ್ತಿರಲಿಲ್ಲ ಎಂಬ ಕಾರಣಕ್ಕೆ. ನನ್ನ ಜೀವಮಾನದ ಏಕೈಕ ಗೆಲುವೂ ನನ್ನ ಹೆಂಡತಿ ಕಣ್ಣಲ್ಲೇ ಬೇಡಿ ತಂದ ಭಿಕ್ಷೆ. ಪಶ್ಚಾತ್ತಾಪದಿಂದ ನನ್ನ ಹೃದಯ ಕರಗಿತು ಎಂದು ಇಲ್ಲಿ ಬರೆಯಬೇಕು. ಓದುವವರಿಗೂ ಅದು ಹಿತವಾಗಿರುತ್ತಿತ್ತು. ಆದದ್ದು ಬೇರೆ. ನನಗೆ ಮೊದಲಿಗಿಂತ ಹೆಚ್ಚು ಹೊಟ್ಟೆ ಉರಿಯಿತು. ಕಾರು ಅವನದು, ಮೂವತ್ತೆಂಟನೆಯ ಮಹಡಿ ಅವನದು; ಸರಿ, ಒಳ್ಳೆಯತನವಾದರೂ ನಮ್ಮಂಥವರಿಗೆ ಉಳಿದಿದೆ ಎಂದುಕೊಂಡಿದ್ದರೆ ಅದನ್ನೂ ಇವನು ಸದ್ದಿಲ್ಲದೆ ಕೂಡಿಟ್ಟಿದ್ದಾನೆ. ನನ್ನ ಒಂಟೆ ನನ್ನ ಕಣ್ಣೆದುರೇ ಹೊರೆ ಇಳಿಸಿ ಮೊಣಕಾಲೂರಿ ಕುಳಿತು ನೀರುಳ್ಳಿ ತಿನ್ನುತ್ತಿತ್ತು. ನೆರೆಯವನ ಮನೆಯನ್ನು ಆಶಿಸಬಾರದು, ಎತ್ತನ್ನು ಆಶಿಸಬಾರದು, ಕತ್ತೆಯನ್ನು ಆಶಿಸಬಾರದು ಎಂದು ಹತ್ತನೆಯ ಆಜ್ಞೆಯಲ್ಲಿ ಪಟ್ಟಿಯೇ ಇದೆ. ಅವನ ಒಳ್ಳೆಯ ಬುದ್ಧಿಯನ್ನು ಆಶಿಸಬಾರದೆಂದು ಎಲ್ಲೂ ಬಿಡಿಸಿ ಹೇಳಿಲ್ಲವಲ್ಲ ಎಂದು ಆಮೇಲೆ ಸಭಾಪಾಲಕರನ್ನು ಕೇಳಿದೆ. ಪಟ್ಟಿಯ ಕೊನೆಗೆ ಯಾವುದನ್ನೂ ಎಂಬ ಮಾತಿದೆ, ನೋಡಿಕೊಳ್ಳಿ ಎಂದು ಅವರು ನಕ್ಕರು.

ಸುಗುಣ ಅಷ್ಟರಲ್ಲಿ ನನ್ನ ಕೈಯಿಂದ ಲಿಂಬೆ ತೆಗೆದುಕೊಂಡು ಕೊಯ್ದೇಬಿಟ್ಟಿದ್ದಳು. ಎಡ್ವಿನನ ತಟ್ಟೆಗೆ ಒಂದು ತುಂಡು, ನನ್ನದಕ್ಕೆ ಒಂದು, ಮಾಸ್ತರಿಗೊಂದು. ಎಡ್ವಿನ್ ಹಿಂಡಿ, ಒಂದು ತುತ್ತು ಬಾಯಿಗಿಟ್ಟ. ಆಮೇಲೆ ತಟ್ಟೆಯಲ್ಲಿದ್ದ ಬೀಜಗಳನ್ನು ಒಂದೊಂದಾಗಿ ಹೆಕ್ಕಿ ಕರವಸ್ತ್ರದಲ್ಲಿ ಕಟ್ಟಿಕೊಂಡ. ಒಟ್ಟು ಏಳು ಬೀಜ, ನಾನು ನೋಡುತ್ತಿದ್ದೆ.

ಆ ಬೀಜಗಳ ಕಥೆ ಅವನೇ ಆಮೇಲೆ ಹೇಳಿದ. ಅವನ ಮನೆಯ ಕಿಟಕಿಗಳೆಲ್ಲ ತೆರೆಯಲಾಗದ ಗಾಜು. ಹೊರಗೆ ಒಂದು ಕುಂಡವನ್ನೂ ಇಡುವಂತಿಲ್ಲ ಎಂಬುದು ಅವನ ಟವರಿನ ನಿಯಮ. ಒಳಗೆ, ಏಸಿಯ ತಂಪಿನಲ್ಲಿ, ತನ್ನದೇ ಕಾರ್ಖಾನೆಯ ಸ್ಟೀಲಿನ ಪಾತ್ರೆಯಲ್ಲಿ ಊರಿದ. ಮೂರು ಮೊಳಕೆ ಬಂದು, ಬಿಳಿಚಿಕೊಂಡು, ಮಲಗಿಬಿಟ್ಟವು. ಅಯ್ಯೋ ಪಾಪ ಎಂದು ನಾನು ಬಹಳ ಚೆನ್ನಾಗಿ ಹೇಳಿದೆ.

ನಮ್ಮ ಡಬ್ಬದ ಗಿಡ ಈಗ ಮತ್ತೆ ಹೂ ಬಿಟ್ಟಿದೆ. ಹೋದ ಭಾನುವಾರ ಚರ್ಚಿನ ಮೆಟ್ಟಿಲಲ್ಲಿ ಎಡ್ವಿನ್ ನನ್ನನ್ನು ಹಿಡಿದು ನಿಲ್ಲಿಸಿ, ಹೂ ನಿಂತಿತಾ, ಎಷ್ಟು ಕಾಯಿ ಕಚ್ಚಿದೆ ಎಂದು ಕೇಳಿದ. ಆರು ಎಂದೆ. ನಿಜಕ್ಕೆ ನಾಲ್ಕು. ಅವನು "ಆರಾ?" ಎಂದ, ಅಷ್ಟೇ. ಆದರೆ ಆ ದನಿ ನನಗೆ ಗೊತ್ತು. ಮೂವತ್ತು ವರ್ಷ ನಾನೇ ಹೊಟ್ಟೆಯೊಳಗೆ ಸಾಕಿದ ದನಿ ಅದು, ಬೇರೆಯವರ ಬಾಯಲ್ಲಿ ಕೇಳಿದರೂ ಗುರುತು ಸಿಗುತ್ತದೆ.

ಒಳಗೆ ಹೋಗಿ ಕುಳಿತೆ. ಎಡ್ವಿನ್ ಹಿರಿಯರ ಬೆಂಚಿನಲ್ಲಿ ನನಗೆ ಎದುರಾಗಿ ಕುಳಿತ. ಸಭಾಪಾಲಕರು ಪ್ರಾರ್ಥಿಸೋಣ ಎಂದರು. ಎಷ್ಟೋ ವರ್ಷಗಳ ಮೇಲೆ ನಾನು ಎರಡೂ ಕಣ್ಣು ಪೂರ್ತಿ ಮುಚ್ಚಿದೆ. ನೋಡಬೇಕಾದ ಅಗತ್ಯವೇ ಇರಲಿಲ್ಲ. ಅವನ ಅರ್ಧ ಕಣ್ಣು ಎಲ್ಲಿದೆ ಎಂದು ನನಗೆ ಗೊತ್ತಿತ್ತು.